ಕಾನಿನ ಮರದಣಬೆ: ಗ್ಯಾನೋಡರ್ಮಾ ಗುರುತಿಸುವುದು ಹೇಗೆ

ನಮ್ಮ ಮನೆ ಇರುವುದು ತೀರ್ಥಹಳ್ಳಿ ತಾಲೂಕಿನಲ್ಲಿ, ಆಗುಂಬೆ ಕಡೆಗೆ ಹೋಗುವ ರಸ್ತೆಯಿಂದ ಒಳಗೆ. ಮುಂದೆ ಅಡಿಕೆ ತೋಟ, ಹಿಂದೆ ಕಾನು, ಅಂದರೆ ದಟ್ಟ ಹಸಿರು ಕಾಡು. ಮಳೆಗಾಲದ ನಾಲ್ಕು ತಿಂಗಳು ಈ ಕಾನಿನ ನೆಲ ಒಣಗುವುದೇ ಇಲ್ಲ. ಬಿದ್ದ ಮರ ಹಾಗೇ ಮಣ್ಣಾಗುತ್ತಾ ಹೋಗುತ್ತದೆ. ಆ ಕೆಲಸದ ದೊಡ್ಡ ಪಾಲು ಮಾಡುವುದು ಮರದ ಮೈಯಿಂದ ಹಲಗೆಯ ಹಾಗೆ ಚಾಚಿಕೊಂಡು ಬೆಳೆಯುವ ಗಟ್ಟಿ ಅಣಬೆಗಳು. ನಮ್ಮತ್ತೆ ಅವನ್ನೆಲ್ಲ ಸೇರಿಸಿ ‘ಹಲಗೆ ಅಣಬೆ’ ಅಂತಿದ್ದರು. ಅಡುಗೆಗೆ ಬರುವುದಿಲ್ಲ, ಹಾಗಾಗಿ ಬೇರೆ ಬೇರೆ ಹೆಸರಿನ ಅಗತ್ಯ ಅವರಿಗೆ ಬಂದಿರಲಿಲ್ಲ.

ನನಗೆ ಬಂತು. ತೋಟದ ಅಂಚಿನಲ್ಲಿ ಹಳೆಯ ಹೊಂಗೆ ಮರ ಕಡಿಸಿದ್ದೆವು. ಅದರ ಬೊಡ್ಡೆಯ ಮೇಲೆ ಒಂದು ಮಳೆಗಾಲ ಕೆಂಪಗೆ ಹೊಳೆಯುವ ಅಣಬೆ ಬಂತು. ವಾರ್ನಿಶ್ ಹಚ್ಚಿದ ಹಾಗೆ ಚೆಂದ ಇತ್ತು. ನೋಡಿ ಖುಷಿಪಟ್ಟು ಸುಮ್ನೆ ಬಿಟ್ಟೆ. ಎರಡು ವರ್ಷದ ಮೇಲೆ ಆ ಬೊಡ್ಡೆಯ ಪಕ್ಕದ ಅಡಿಕೆ ಮರಗಳ ಕೆಳಗಿನ ಸೋಗೆ ಹಳದಿಯಾಗಿ ಜೋತುಬಿತ್ತು. ನೀರು ಸಾಲದೇ ಇರಬೇಕು ಅಂದುಕೊಂಡು ಜಾಸ್ತಿ ನೀರು ಬಿಟ್ಟೆ. ಆಮೇಲೆ ಬುಡದಿಂದ ಕಂದು ಬಣ್ಣದ ರಸ ಸೋರಲು ಶುರುವಾಯಿತು. ಕೊನೆಗೆ ಅದೇ ಕೆಂಪು ಅಣಬೆ ಅಡಿಕೆ ಬುಡದಲ್ಲೇ ಮೂಡಿತು. ಹನ್ನೊಂದು ಮರ ಹೋದವು. ಅಡಿಕೆ ಬೆಳೆಯುವವರು ‘ಅಣಬೆ ರೋಗ’ ಅನ್ನುವುದು ಇದನ್ನೇ. ಬೊಡ್ಡೆಯ ಮೇಲೆ ಬಂದ ದಿನವೇ ಅದನ್ನು ಗುರುತು ಹಿಡಿದಿದ್ದರೆ ಅಷ್ಟು ಮರ ಕಳೆದುಕೊಳ್ಳುತ್ತಿರಲಿಲ್ಲ. ಅವತ್ತಿಂದ ನಾನು ಕಾನಿಗೆ ಹೋದಾಗಲೆಲ್ಲ ಮರದಣಬೆಗಳನ್ನು ನೋಡುತ್ತೇನೆ, ಬರೆದಿಡುತ್ತೇನೆ. ಅದರಲ್ಲಿ ಆ ಕೆಂಪು ಅಣಬೆ ಸೇರುವ ಗ್ಯಾನೋಡರ್ಮಾ ಅನ್ನುವ ಗುಂಪನ್ನು ಗುರುತಿಸುವ ದಾರಿಯನ್ನು ಇಲ್ಲಿ ಹೇಳುತ್ತೇನೆ.

ಬೇಕಾದ ಸಾಮಾನು ಕಡಿಮೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಲೆನ್ಸ್, ಹರಿತವಾದ ಚಾಕು, ಬಿಳಿ ಹಾಳೆ, ಸಣ್ಣ ಕನ್ನಡಿ, ನೋಟ್ ಪುಸ್ತಕ. ಕನ್ನಡಿ ಯಾಕೆ ಅಂದರೆ ನೆಲದ ಹತ್ತಿರ ಇರುವ ಅಣಬೆಯ ಅಡಿಭಾಗ ನೋಡಲು ಕೆಸರಿನಲ್ಲಿ ಮಲಗಬೇಕಾಗುತ್ತದೆ. ಕನ್ನಡಿ ಕೆಳಗೆ ಹಿಡಿದರೆ ಬಗ್ಗಿದರೆ ಸಾಕು. ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಏನು ಹಚ್ಚಿಕೊಳ್ಳುತ್ತೀರೋ ಅದನ್ನು ಮರೆಯಬೇಡಿ. ಅಣಬೆಯ ಮುಂದೆ ಹತ್ತು ನಿಮಿಷ ಕೂರಬೇಕು, ಅಷ್ಟರಲ್ಲಿ ಉಂಬಳ ಮೊಣಕಾಲು ದಾಟಿರುತ್ತದೆ.

ಹೋಗುವ ಕಾಲ ಮುಖ್ಯ. ಬೇಸಿಗೆಯಲ್ಲೂ ಈ ಅಣಬೆ ಮರದ ಮೇಲೆ ಇರುತ್ತದೆ, ಆದರೆ ಮರದ ತುಂಡಿನ ಹಾಗೆ ಜಡವಾಗಿರುತ್ತದೆ. ಆಗ ಗುರುತು ಸಿಗುವುದು ಕಷ್ಟ. ಆರಿದ್ರಾ ಮಳೆ ಹಿಡಿದು ವಾರ ಕಳೆದ ಮೇಲೆ ನೋಡಿ. ಅಂಚಿನಲ್ಲಿ ಹೊಸ ಬೆಳವಣಿಗೆ ಬಿಳಿ ಪಟ್ಟಿಯಾಗಿ ಕಾಣುತ್ತದೆ. ಅಡಿಭಾಗ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನನಗೆ ಪುನರ್ವಸು, ಪುಷ್ಯ ಮಳೆಗಳ ನಡುವಿನ ದಿನಗಳು ಅತಿ ಹೆಚ್ಚು ಕಲಿಸಿವೆ.

ಇನ್ನು ನೋಡುವ ಕ್ರಮ. ಎಲ್ಲರೂ ಮೊದಲು ಮೇಲ್ಭಾಗದ ಬಣ್ಣ ನೋಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಒಂದೇ ಅಣಬೆ ಎಳೆಯದಿದ್ದಾಗ ಹಳದಿ, ಬಲಿತಾಗ ಕೆಂಪು, ಮುದಿಯಾದಾಗ ಕಪ್ಪು, ಮೇಲೆ ಪಾಚಿ ಕಟ್ಟಿದರೆ ಹಸಿರು. ಬಣ್ಣ ಹಿಡಿದುಕೊಂಡು ಹೊರಟರೆ ಒಂದನ್ನೇ ನಾಲ್ಕು ಹೆಸರಿನಲ್ಲಿ ಬರೆದಿಡುತ್ತೀರಿ. ಮೊದಲು ಹೊಟ್ಟೆ ನೋಡಿ, ಅಂದರೆ ಅಡಿಭಾಗ.

ಅಡಿಭಾಗದಲ್ಲಿ ಏನಿದೆ? ಪುಸ್ತಕದ ಹಾಳೆಗಳ ಹಾಗೆ ಪದರ ಪದರ ಇದೆಯಾ, ನುಣ್ಣಗಿದೆಯಾ, ಇಲ್ಲಾ ತೂತುಗಳಿವೆಯಾ? ಗ್ಯಾನೋಡರ್ಮಾದಲ್ಲಿ ತೂತುಗಳಿರುತ್ತವೆ. ಬರಿಗಣ್ಣಿಗೆ ಅದು ಬಹುತೇಕ ನುಣುಪಾದ ಬಿಳಿ ಕಾಗದದ ಹಾಗೆ ಕಾಣುತ್ತದೆ. ಲೆನ್ಸ್ ಹಿಡಿದರೆ ಸೂಜಿ ಚುಚ್ಚಿದ ಹಾಗೆ ದುಂಡನೆಯ ಸಣ್ಣ ತೂತುಗಳು. ಸ್ಕೇಲಿನ ಒಂದು ಮಿಲಿಮೀಟರ್ ಉದ್ದದಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ತೂತು ಸಿಗುತ್ತವೆ. ಎಣಿಸುವಾಗ ಪ್ಲಾಸ್ಟಿಕ್ ಸ್ಕೇಲನ್ನು ಅಣಬೆಗೆ ಮೆಲ್ಲಗೆ ತಾಗಿಸಿ, ಒತ್ತಬೇಡಿ. ಯಾಕೆ ಅಂತ ಈಗ ಹೇಳುತ್ತೇನೆ.

ಒಂದು ಕಡ್ಡಿಯಿಂದ ಆ ಬಿಳಿ ಹೊಟ್ಟೆಯ ಮೇಲೆ ಗೆರೆ ಎಳೆಯಿರಿ. ಬೆಳೆಯುತ್ತಿರುವ ಗ್ಯಾನೋಡರ್ಮಾ ಆದರೆ ಗೆರೆ ಕಣ್ಣೆದುರೇ ಕಂದಾಗುತ್ತದೆ. ಬೆರಳು ಒತ್ತಿದರೆ ಬೆರಳಚ್ಚು ಮೂಡುತ್ತದೆ. ನನ್ನ ಮಗಳು ಸಣ್ಣವಳಿದ್ದಾಗ ಕಾನಿನ ಮಾವಿನ ಮರದ ಅಣಬೆಯೊಂದರ ಮೇಲೆ ಮುಳ್ಳಿನಿಂದ ‘ಅ ಆ ಇ ಈ’ ಬರೆದಿದ್ದಳು. ಅಣಬೆ ಒಣಗಿದ ಮೇಲೂ ಅಕ್ಷರ ಹಾಗೇ ಉಳಿದಿತ್ತು. ಬೇರೆ ದೇಶಗಳಲ್ಲಿ ಇದರ ಮೇಲೆ ಚಿತ್ರ ಕೊರೆಯುವವರೂ ಇದ್ದಾರೆ. ಗ್ಯಾನೋಡರ್ಮಾ ಅಪ್ಲನೇಟಮ್ ಅನ್ನುವ ಜಾತಿಗೆ ಇಂಗ್ಲಿಷಿನಲ್ಲಿ ‘ಆರ್ಟಿಸ್ಟ್ಸ್ ಬ್ರಾಕೆಟ್’ ಅನ್ನುವ ಹೆಸರು ಬಂದಿದ್ದೇ ಇದರಿಂದ. ನೀವು ಪರೀಕ್ಷೆಗೆ ಅರ್ಧ ಇಂಚಿನ ಒಂದು ಗೆರೆ ಎಳೆದರೆ ಸಾಕು. ಮುದಿ ಅಣಬೆಯಲ್ಲಿ, ಬೇಸಿಗೆಯಲ್ಲಿ, ಹೊಟ್ಟೆ ಮೊದಲೇ ಮಾಸಿ ಕಂದಾಗಿರುತ್ತದೆ. ಅಂಥದ್ದರಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಎರಡನೇ ಗುರುತು ಪುಡಿ. ಇದು ನನಗೆ ಎಲ್ಲಕ್ಕಿಂತ ಇಷ್ಟ. ಗ್ಯಾನೋಡರ್ಮಾದ ಬೀಜಕಣ ಕೋಕೋ ಪುಡಿಯ ಬಣ್ಣದ್ದು. ಅದು ಅಡಿಭಾಗದ ತೂತುಗಳಿಂದ ಕೆಳಗೆ ಉದುರುತ್ತದೆ. ಆದರೆ ಕಾನಿನೊಳಗಿನ ಸಣ್ಣ ಗಾಳಿಗೆ ಮೇಲೆದ್ದು ಅದೇ ಅಣಬೆಯ ತಲೆಯ ಮೇಲೂ ಕೂರುತ್ತದೆ. ಒಂದು ಸಲ ನಾಲ್ಕು ದಿನ ಮಳೆ ಬಿಟ್ಟು ಹೊಳವಾಗಿತ್ತು. ಕಾನಿಗೆ ಹೋದರೆ ಹೆಬ್ಬಲಸಿನ ಬುಡದ ದೊಡ್ಡ ಅಣಬೆ, ಅದರ ಸುತ್ತಲಿನ ತೊಗಟೆ, ಪಾಚಿ, ಕೆಳಗಿನ ಒಂದು ಎಲೆ, ಎಲ್ಲ ಕಂದು. ಯಾರೋ ಡಬ್ಬಿಯಿಂದ ಪುಡಿ ಚೆಲ್ಲಿದ್ದಾರೆ ಅನ್ನಿಸಿತು. ಎಲೆಯನ್ನು ಎತ್ತಿದೆ. ಅದು ಮುಚ್ಚಿದ್ದ ಜಾಗ ಎಲೆಯ ಆಕಾರದಲ್ಲೇ ಹಸಿರಾಗಿ ಉಳಿದಿತ್ತು. ಬೆರಳಿಗೆ ಹತ್ತಿದ ಪುಡಿ ಟಾಲ್ಕಂ ಪೌಡರಿಗಿಂತ ನಯ. ರಸ್ತೆ ಧೂಳಿನ ಹಾಗೆ ಚೂರೂ ಗರಗರ ಅನ್ನುವುದಿಲ್ಲ.

ಜೋರು ಮಳೆಯಲ್ಲಿ ಈ ಪುಡಿ ತೊಳೆದು ಹೋಗುತ್ತದೆ. ಆಗ ಮನೆಯಲ್ಲಿ ತೆಗೆಯಬಹುದು. ಅಂಗೈ ಅಗಲದ ತಾಜಾ ಚೂರನ್ನು ಹೊಟ್ಟೆ ಕೆಳಗಾಗಿ ಬಿಳಿ ಹಾಳೆಯ ಮೇಲಿಟ್ಟು, ಬೋಗುಣಿ ಮುಚ್ಚಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಮೇಲೆ ಕಂದು ಅಚ್ಚು ಇರುತ್ತದೆ. ಬಿಳಿ ಪುಡಿ ಬಿದ್ದರೆ ಅದು ಗ್ಯಾನೋಡರ್ಮಾ ಅಲ್ಲ, ಅಲ್ಲಿಗೆ ಮುಗಿಯಿತು. ಏನೂ ಬೀಳದಿದ್ದರೆ ಹತಾಶರಾಗಬೇಡಿ. ಅಣಬೆ ಆ ದಿನಗಳಲ್ಲಿ ಪುಡಿ ಬಿಡುತ್ತಿರಲಿಲ್ಲ ಅಂತ ಅರ್ಥ.

ಹತ್ತಿರದ ಕಾಲೇಜಿನಲ್ಲಿ ಪರಿಚಯದವರಿದ್ದರೆ ಈ ಪುಡಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ. ನಾಲ್ಕುನೂರು ಪಟ್ಟು ದೊಡ್ಡದು ಮಾಡಿದರೆ ಸಾಕು. ಬೀಜಕಣ ಮೊಟ್ಟೆಯ ಆಕಾರದಲ್ಲಿರುತ್ತದೆ, ಒಂದು ತುದಿ ಮಾತ್ರ ಕತ್ತರಿಸಿದ ಹಾಗೆ ಮೊಂಡು. ಗೋಡೆ ಎರಡು ಪದರ. ಉದ್ದ ಸುಮಾರು ಹತ್ತು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ನೂರು ಬೀಜಕಣ ಸಾಲಾಗಿ ಕೂರುತ್ತವೆ. ಈ ಮೊಂಡು ತುದಿ, ಎರಡು ಪದರದ ಗೋಡೆ ಕಂಡರೆ ಗುಂಪಿನ ಬಗ್ಗೆ ಅನುಮಾನವೇ ಬೇಡ. ನಾನು ಮೊದಲ ಸಲ ನೋಡಿದಾಗ ಚಮಚದಲ್ಲಿ ತಲೆ ಒಡೆದ ಬೇಯಿಸಿದ ಮೊಟ್ಟೆಗಳ ರಾಶಿ ನೆನಪಾಯಿತು.

ಈಗ ಮೇಲ್ಭಾಗಕ್ಕೆ ಬರೋಣ. ನಮ್ಮ ಕಾನಿನಲ್ಲಿ ಗ್ಯಾನೋಡರ್ಮಾ ಎರಡು ವೇಷದಲ್ಲಿ ಸಿಗುತ್ತದೆ. ಒಂದು ಹೊಳಪಿನದು. ಮೊದಲು ಬೆಣ್ಣೆ ಮುದ್ದೆಯ ಹಾಗೆ ಬಿಳಿ ಮೊಗ್ಗು ಬರುತ್ತದೆ. ಅದು ಚಪ್ಪಟೆಯಾಗುತ್ತಾ ಹೋದ ಹಾಗೆ ಹಿಂಭಾಗ ಕಡುಗೆಂಪು, ನಡುವೆ ಕಿತ್ತಳೆ, ಮುಂದೆ ಹಳದಿ, ಅಂಚು ಬಿಳಿ, ಹೀಗೆ ಒಂದೇ ಅಣಬೆಯಲ್ಲಿ ಬಣ್ಣದ ಪಟ್ಟಿಗಳು. ಮೈಗೆ ಮೆರುಗೆಣ್ಣೆ ಹಚ್ಚಿದ ಹೊಳಪು. ಎಷ್ಟೋ ಸಲ ಪಕ್ಕದಿಂದ ಒಂದು ಕಾಂಡ ಇರುತ್ತದೆ, ಅದಕ್ಕೂ ಅದೇ ಹೊಳಪು. ನನ್ನ ಹೊಂಗೆ ಬೊಡ್ಡೆಯ ಮೇಲೆ ಬಂದಿದ್ದು ಇದು. ಇನ್ನೊಂದು ಮಂಕಾದದ್ದು. ಕಾಂಡ ಇಲ್ಲ, ಮರಕ್ಕೆ ನೇರವಾಗಿ ಅಂಟಿರುತ್ತದೆ. ಮೇಲ್ಮೈ ಬೂದು ಕಂದು, ಉಬ್ಬು ತಗ್ಗಿನ ಉಂಗುರಗಳು, ಉಗುರಲ್ಲಿ ಒತ್ತಿದರೆ ಜಗ್ಗದ ಗಟ್ಟಿ ಚಿಪ್ಪು. ವರ್ಷ ವರ್ಷವೂ ಅದೇ ಅಣಬೆ ಅಡಿಯಲ್ಲಿ ಹೊಸ ಪದರ ಸೇರಿಸಿಕೊಂಡು ಬೆಳೆಯುತ್ತದೆ. ಅಪ್ಲನೇಟಮ್, ಆಸ್ಟ್ರೇಲ್ ಅನ್ನುವ ಜಾತಿಗಳು ಈ ಬಗೆಯವು. ಗ್ಯಾನೋಡರ್ಮಾ ಅಂದರೆ ಗ್ರೀಕ್ ಮೂಲದಲ್ಲಿ ‘ಹೊಳೆಯುವ ಚರ್ಮ’. ಫಿನ್ಲೆಂಡಿನ ವಿಜ್ಞಾನಿ ಕಾರ್ಸ್ಟನ್ 1881ರಲ್ಲಿ ಇಟ್ಟ ಹೆಸರು. ಹೆಸರು ನೋಡಿ ಹೊಳಪಿಲ್ಲದ್ದನ್ನು ಪಟ್ಟಿಯಿಂದ ಬಿಡಬೇಡಿ. ಕಾನಿನೊಳಗೆ ನನಗೆ ಸಿಗುವುದು ಮಂಕಾದದ್ದೇ ಜಾಸ್ತಿ.

ಒಂದನ್ನು ಉದ್ದಕ್ಕೆ ಸೀಳಿ ನೋಡಬೇಕು. ಇದಕ್ಕೆ ಚಾಕು ಸಾಲದು, ಕತ್ತಿ ಬೇಕು. ಸೀಳಿದಾಗ ಮೇಲೆ ತೆಳುವಾದ ಗಟ್ಟಿ ಚಿಪ್ಪು, ಅದರ ಕೆಳಗೆ ಬೆಂಡಿನಂಥ ಕಂದು ತಿರುಳು, ಅದರ ಕೆಳಗೆ ಸಾಲಾಗಿ ನಿಲ್ಲಿಸಿದ ಕೂದಲಿನಂಥ ಕೊಳವೆಗಳು ಕಾಣುತ್ತವೆ. ಹೊಳಪಿನ ಜಾತಿಗಳಲ್ಲಿ ತಿರುಳು ಸ್ವಲ್ಪ ತಿಳಿಯಾಗಿರಬಹುದು, ಕೊಳವೆಗಳು ಮಾತ್ರ ಕಂದೇ. ಹಳೆಯ ಅಣಬೆಯಲ್ಲಿ ಕೊಳವೆಗಳ ಪದರ ಒಂದರ ಕೆಳಗೆ ಒಂದು ಇರುತ್ತದೆ. ಪ್ರತಿ ಪದರಕ್ಕೂ ಒಂದು ವರ್ಷ ಅಂತ ಲೆಕ್ಕ ಹಾಕಲು ಹೋಗಬೇಡಿ. ನಮ್ಮಲ್ಲಿ ಮಳೆ ಬಿಟ್ಟು ಬಿಟ್ಟು ಬಂದರೆ ಬೆಳವಣಿಗೆಯೂ ನಿಂತು ನಿಂತು ಆಗುತ್ತದೆ.

ಒಂದು ಮಾತು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಮೀಸಲು ಕಾಡಿನಲ್ಲಿ ಅಪ್ಪಣೆ ಇಲ್ಲದೆ ಏನನ್ನೂ ಕೀಳಬಾರದು. ಅಲ್ಲಿ ಫೋಟೋ ಸಾಕು: ಮೇಲಿಂದ ಒಂದು, ಕನ್ನಡಿಯಲ್ಲಿ ಕಾಣುವ ಹೊಟ್ಟೆಯದು ಒಂದು, ಮರದ ಜೊತೆ ದೂರದಿಂದ ಒಂದು. ನಿಮ್ಮದೇ ಜಾಗದಲ್ಲೂ ಒಂದೇ ಒಂದು ಸೀಳಿ. ಅದರೊಳಗೆ ದುಂಬಿಗಳು ಸಂಸಾರ ಮಾಡಿಕೊಂಡಿರುತ್ತವೆ.

ಅಣಬೆ ನೋಡಿದ ಮೇಲೆ ಅದು ತಿನ್ನುತ್ತಿರುವ ಮರವನ್ನೂ ನೋಡಿ. ಗ್ಯಾನೋಡರ್ಮಾ ಮಾಡುವುದು ಬಿಳಿ ಕೊಳೆತ. ಮರಕ್ಕೆ ಗಟ್ಟಿತನ, ಕಂದು ಬಣ್ಣ ಕೊಡುವ ಲಿಗ್ನಿನ್ ಅನ್ನುವ ವಸ್ತುವನ್ನೂ ಅದು ಕರಗಿಸುತ್ತದೆ. ಉಳಿಯುವ ಮರ ಬೆಳ್ಳಗೆ, ಎಳೆ ಎಳೆಯಾಗಿ, ನೆನೆದ ಹತ್ತಿಯ ಹಾಗೆ ಇರುತ್ತದೆ. ಚಿವುಟಿದರೆ ನಾರು ಬರುತ್ತದೆ. ಕೆಲವು ಬೇರೆ ಅಣಬೆಗಳು ಲಿಗ್ನಿನ್ ಬಿಟ್ಟು ಉಳಿದದ್ದನ್ನು ತಿನ್ನುತ್ತವೆ. ಆಗ ಮರ ಕಡುಕಂದಾಗಿ, ಒಣಗಿದ ಗದ್ದೆಯ ಹಾಗೆ ಚೌಕ ಚೌಕ ಬಿರುಕು ಬಿಟ್ಟು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಅಂಥ ಮರದ ಮೇಲಿನ ಅಣಬೆ ಗ್ಯಾನೋಡರ್ಮಾ ಆಗಿರುವುದಿಲ್ಲ.

ಇನ್ನೊಂದು ಚೆಂದದ ಗುರುತಿದೆ, ಇದು ಜಾತಿ ಹೇಳುವುದಿಲ್ಲ, ಮರದ ಕಥೆ ಹೇಳುತ್ತದೆ. ಇವು ಯಾವಾಗಲೂ ಹೊಟ್ಟೆಯನ್ನು ನೆಲಕ್ಕೆ ಮುಖ ಮಾಡಿಯೇ ಬೆಳೆಯುತ್ತವೆ, ಯಾಕೆಂದರೆ ಕೊಳವೆ ನೆಟ್ಟಗೆ ಕೆಳಗಿದ್ದರೆ ಮಾತ್ರ ಪುಡಿ ಉದುರಬಲ್ಲದು. ಬಿದ್ದ ಮರದ ಮೇಲೆ ಗೋಡೆಗೆ ಹೊಡೆದ ತಟ್ಟೆಯ ಹಾಗೆ ಲಂಬವಾಗಿ ನಿಂತ ಅಣಬೆ ಕಂಡರೆ, ಅದು ಮರ ನಿಂತಿದ್ದಾಗಲೇ ಬಂದಿತ್ತು ಅಂತ ತಿಳಿಯಿರಿ. ಅದರ ಅಂಚಿನಿಂದ ಹೊಸ ಭಾಗ ತಿರುಗಿ ನೆಲಕ್ಕೆ ಅಡ್ಡವಾಗಿ ಬೆಳೆದಿದ್ದರೆ, ಮರ ಬಿದ್ದ ಮೇಲೂ ಅಣಬೆ ಬದುಕಿದೆ ಅಂತ.

ಮೋಸ ಮಾಡುವ ನೆಂಟರ ಬಗ್ಗೆ ಹೇಳಲೇಬೇಕು. ನನಗೆ ಅತಿ ಹೆಚ್ಚು ಸಲ ಮೋಸ ಆಗಿದ್ದು ಅರ್ಲಿಯೆಲ್ಲಾ ಸ್ಕ್ಯಾಬ್ರೋಸಾದಿಂದ. ಮೇಲೆ ಅದೇ ಕಂದುಗೆಂಪು, ಅಂಚು ಬಿಳಿ. ಆದರೆ ಅದು ತೆಳು, ಮರಕ್ಕೆ ಕಾಗದದ ಹಾಗೆ ಹರಡಿ ಅಂಟಿಕೊಂಡು ಅಂಚು ಮಾತ್ರ ಮೇಲೆದ್ದಿರುತ್ತದೆ. ತೂತುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು, ಓರೆಕೋರೆ. ಮುರಿದರೆ ತಿರುಳು ಬಿಳಿ. ಮುರಿದು ನೋಡದೆ ಬರೆದಿದ್ದಕ್ಕೆ ನನ್ನ ಹಳೆಯ ಪುಸ್ತಕದಲ್ಲಿ ಎಷ್ಟೋ ಸಾಲು ಅಳಿಸಬೇಕಾಯಿತು. ಆಮೇಲೆ ಫೆಲ್ಲಿನಸ್ ಬಳಗ. ಕಲ್ಲಿನಷ್ಟು ಗಟ್ಟಿ, ಮೇಲೆ ಕಪ್ಪಾಗಿ ಬಿರುಕು ಬಿಟ್ಟಿರುತ್ತದೆ. ಅದರ ಹೊಟ್ಟೆ ಎಳೆಯದಿದ್ದಾಗಲೂ ದಾಲ್ಚಿನ್ನಿ ಬಣ್ಣ, ಬಿಳಿ ಅಲ್ಲ. ಗೆರೆ ಎಳೆದರೆ ಮುಂಚಿನಂಥ ಬದಲಾವಣೆ ಕಾಣುವುದಿಲ್ಲ.

ಉಳಿದವು ಸುಲಭ. ಬಿದ್ದ ಸಣ್ಣ ರೆಂಬೆಯ ಮೇಲೆ ಹಳದಿ ಕಾಲಿನ, ಬಳೆ ಬಳೆ ಪಟ್ಟಿಯ, ಕಾಗದದಷ್ಟು ತೆಳುವಾದ ಆಲಿಕೆ ಕಂಡರೆ ಅದು ಮೈಕ್ರೋಪೋರಸ್ ಜ್ಯಾಂಥೋಪಸ್. ಪಶ್ಚಿಮಘಟ್ಟದಲ್ಲಿ ಹೆಜ್ಜೆಗೊಂದು ಸಿಗುತ್ತದೆ. ಮೇಲೆ ಕೆಳಗೆ ಎರಡೂ ಕಡೆ ಕುಂಕುಮ ಕಿತ್ತಳೆ ಬಣ್ಣ ಇದ್ದರೆ ಪಿಕ್ನೋಪೋರಸ್, ಅದು ಬಿಸಿಲು ಬೀಳುವ ಒಣ ಕೊಂಬೆಯನ್ನೇ ಹುಡುಕುತ್ತದೆ. ಹೊಟ್ಟೆಯಲ್ಲಿ ಜೇನುತಟ್ಟಿಯ ಹಾಗೆ ಆರು ಮೂಲೆಯ ದೊಡ್ಡ ಕೋಣೆಗಳಿದ್ದರೆ ಹೆಕ್ಸಗೋನಿಯಾ. ಉಗುರಿನಷ್ಟು ಸಣ್ಣ, ಬೆಳ್ಳಗೆ ರೋಮ ಇರುವ, ಅಡಿಯಲ್ಲಿ ಸೀಳಿದ ಪದರಗಳಿರುವ ಬೀಸಣಿಗೆ ಸ್ಕಿಜೋಫಿಲ್ಲಮ್. ಇವು ಯಾವುದಕ್ಕೂ ಲೆನ್ಸ್ ಸಹ ಬೇಡ.

ಜಾತಿಯ ಹೆಸರಿನ ವಿಷಯದಲ್ಲಿ ಆತುರ ಬೇಡ. ಕೆಂಪು ಹೊಳಪಿನದೆಲ್ಲ ‘ಗ್ಯಾನೋಡರ್ಮಾ ಲುಸಿಡಮ್’ ಜಾತಿ ಅಂತ ಬರೆಯುವ ರೂಢಿ ಇದೆ, ಅಡಿಕೆ ರೋಗದ ಕರಪತ್ರಗಳಲ್ಲೂ ಅದೇ ಹೆಸರು. ಆ ಹೆಸರು ಮೊದಲು ಕೊಟ್ಟಿದ್ದು 1781ರಲ್ಲಿ, ಇಂಗ್ಲೆಂಡಿನ ಅಣಬೆಗೆ. ಏಷ್ಯಾದಲ್ಲಿ ಅದೇ ಹೆಸರಿನಲ್ಲಿ ಕರೆಯುತ್ತಿದ್ದ ಎಷ್ಟೋ ಅಣಬೆಗಳು ಬೇರೆ ಜಾತಿ ಅಂತ ಡಿಎನ್ಎ ನೋಡಿದ ಮೇಲೆ ಗೊತ್ತಾಗಿದೆ. ಚೀನಾದ ಪ್ರಸಿದ್ಧ ಔಷಧಿ ಅಣಬೆಗೇ 2012ರಲ್ಲಿ ‘ಗ್ಯಾನೋಡರ್ಮಾ ಲಿಂಗ್‌ಝಿ’ ಅಂತ ಹೊಸ ಹೆಸರು ಬಂತು. ಹಾಗಾಗಿ ನಾನು ಪುಸ್ತಕದಲ್ಲಿ ‘ಗ್ಯಾನೋಡರ್ಮಾ, ಹೊಳಪಿನದು’ ಅಥವಾ ‘ಗ್ಯಾನೋಡರ್ಮಾ, ಮಂಕು’ ಅಂತ ಮಾತ್ರ ಬರೆಯುತ್ತೇನೆ. ಜೊತೆಗೆ ಯಾವ ಮರ, ನಿಂತ ಮರವೋ ಬಿದ್ದದ್ದೋ, ನೆಲದಿಂದ ಎಷ್ಟು ಎತ್ತರ, ಯಾವ ಮಳೆ, ಪುಡಿಯ ಬಣ್ಣ.

‘ಇದು ರೀಶಿ ಅಲ್ವಾ, ಕಷಾಯ ಮಾಡಬಹುದಾ?’ ಅಂತ ಕೇಳುವವರು ತುಂಬಾ ಜನ. ರೀಶಿ ಅಂದರೆ ಆ ಔಷಧಿ ಅಣಬೆಯ ಜಪಾನಿ ಹೆಸರು. ದಯವಿಟ್ಟು ಮಾಡಬೇಡಿ. ಕಣ್ಣಲ್ಲಿ ನೋಡಿ ಜಾತಿ ಹೇಳಲಾಗದ ವಸ್ತುವನ್ನು ಹೊಟ್ಟೆಗೆ ಹಾಕಬಾರದು. ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತೆಗೆದುಕೊಳ್ಳುವವರಂತೂ ಅಂಗಡಿಯಲ್ಲಿ ಸಿಗುವ ಇದರ ಪುಡಿಯನ್ನೂ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಕಾನಿನಲ್ಲಿ ಗ್ಯಾನೋಡರ್ಮಾ ಕಂಡರೆ ಏನೂ ಮಾಡಬೇಕಾಗಿಲ್ಲ. ಅದು ಅದರ ಮನೆ. ತೋಟದೊಳಗೆ ಅಥವಾ ಅಂಚಿನಲ್ಲಿ, ಬದುಕಿರುವ ಅಡಿಕೆ, ತೆಂಗಿನ ಪಕ್ಕದ ಬೊಡ್ಡೆಯ ಮೇಲೆ ಕಂಡರೆ ಅದೇ ವಾರ ಕೆಲಸ ಶುರು ಮಾಡಿ. ಅಣಬೆ ಕಿತ್ತರೆ ರೋಗ ಹೋಗುವುದಿಲ್ಲ, ಅದು ಹಣ್ಣಿದ್ದ ಹಾಗೆ, ಗಿಡ ಇರುವುದು ಬೇರಿನೊಳಗೆ. ಬೇರು ಬೇರಿಗೆ ತಾಗಿ ದಾಟುತ್ತದೆ. ಬೊಡ್ಡೆಯನ್ನು ಬೇರು ಸಮೇತ ತೆಗೆಸಿ ಸುಡಬೇಕು. ರೋಗ ಬಂದ ಮರಗಳ ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಅಗಳು ತೋಡಿ ಬೇರಿನ ದಾರಿ ಕಡಿಯಬೇಕು. ನೀರು ನಿಲ್ಲದ ಹಾಗೆ ಬಸಿಗಾಲುವೆ ಬಿಡಿಸಬೇಕು. ಸುತ್ತಲಿನ ಮರಗಳಿಗೆ ವರ್ಷಕ್ಕೆ ಎರಡು ಕೆಜಿ ಬೇವಿನ ಹಿಂಡಿ ಕೊಡುವುದು ರೂಢಿ. ನಾನು ಇಷ್ಟನ್ನೂ ಮಾಡಿದೆ, ಆದರೆ ಹನ್ನೊಂದು ಮರ ಹೋದ ಮೇಲೆ.

ಆ ಬೊಡ್ಡೆಯ ಒಂದು ದಪ್ಪ ಬೇರು ಬೇಲಿಯ ಆಚೆ ಧರೆಯೊಳಗೆ, ಅಂದರೆ ಕಡಿದಾದ ಮಣ್ಣಿನ ದಿಬ್ಬದೊಳಗೆ, ಹೋಗಿತ್ತು. ಅದನ್ನು ಪೂರ್ತಿ ತೆಗೆಯಲು ಆಗಲಿಲ್ಲ. ಈ ವರ್ಷ ಆರಿದ್ರಾ ಹಿಡಿದು ಹತ್ತನೇ ದಿನ ಕನ್ನಡಿ ತೆಗೆದುಕೊಂಡು ಹೋಗಿದ್ದೆ. ಧರೆಯ ಕಡೆ ಎರಡು ಬಿಳಿ ಮೊಗ್ಗು ಬಂದಿವೆ, ನೆಲ್ಲಿಕಾಯಿ ಗಾತ್ರ. ಅಗಳಿನ ಈಚೆ, ಅಡಿಕೆ ಬುಡಗಳಲ್ಲಿ ಒಂದೊಂದಾಗಿ ನೋಡಿದೆ. ಏನೂ ಇಲ್ಲ.